ನೆಲಕ್ಕೆ ಬಿದ್ದ ಹಾರ್ಡ್ ಡಿಸ್ಕ್: ಅಜ್ಜಿಯ ಹಾಡು ಉಳಿಸಬಹುದಾ?

ಪ್ರಶ್ನೆ (ಕಲಬುರಗಿ):
ನಮಸ್ಕಾರ ರೀ. ನನ್ನ 1 ಟಿಬಿ ಹಾರ್ಡ್ ಡಿಸ್ಕ್ ಮೇಜಿನಿಂದ ಶಹಾಬಾದ್ ಕಲ್ಲಿನ ನೆಲಕ್ಕೆ ಬಿತ್ತು. ಈಗ ಹಚ್ಚಿದರೆ ಬರೀ ಟಕ್ ಟಕ್ ಅನ್ನುತ್ತದೆ. ಅಜ್ಜಿ ಹಾಡಿದ ಬೀಸುವ ಪದಗಳೆಲ್ಲ ಅದರಲ್ಲೇ ಇವೆ. ಅಜ್ಜಿ ಈಗಿಲ್ಲ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅಂತಾರೆ, ನಿಜಾನಾ?

ಉತ್ತರ 1:
ಬೇಡ ರೀ! ಒಳಗೆ ಪಸೆ ಕಟ್ಟುತ್ತದೆ. ಟಕ್ ಟಕ್ ಅಂದರೆ ಹೆಚ್ಚಾಗಿ ಓದುವ ಹೆಡ್ ಕೆಟ್ಟಿರುತ್ತದೆ. ಮತ್ತೆ ಮತ್ತೆ ಹಚ್ಚಿದರೆ ಅದು ಒಳಗಿನ ತಟ್ಟೆಯನ್ನೇ ಗೀರಬಹುದು. ಗೀರಿದ ಜಾಗದ ಹಾಡು ಮತ್ತೆ ಸಿಗುವುದಿಲ್ಲ. ಈಗಲೇ ವೈರ್ ತೆಗೆಯಿರಿ.

ಉತ್ತರ 2:
ಸದ್ದಿಲ್ಲದೆ ಸುಮ್ನೆ ನಿಧಾನವಾಗಿದ್ದರೆ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್‌ನಿಂದ ನಕಲು ತೆಗೆಯಬಹುದಿತ್ತು. ಮಗಳ ಫೋಟೊಗಳನ್ನು ನಾನು ಹಾಗೇ ಉಳಿಸಿಕೊಂಡೆ. ನಿಮ್ಮದಕ್ಕೆ ಕ್ಲೀನ್ ರೂಮ್ (ದೂಳಿಲ್ಲದ ಕೋಣೆ) ಇರುವ ಡೇಟಾ ರಿಕವರಿ ಲ್ಯಾಬೇ ಬೇಕು. ಅಂಗಡಿಯಲ್ಲಿ ಮುಚ್ಚಳ ಬಿಚ್ಚಲು ಬಿಡಬೇಡಿ.

ಪ್ರಶ್ನೆ ಕೇಳಿದವರು:
ವೈರ್ ತೆಗೆದೆ ರೀ. ಅತ್ತೆಯ ಹಳೆ ಮೊಬೈಲ್‌ನಲ್ಲಿ ಎರಡು ಹಾಡು ಸಿಕ್ಕವು!