ಅಪ್‌ಡೇಟ್: ಲೋಲಕ ಮತ್ತು ಸೆಕೆಂಡು ಮುಳ್ಳಿನ ಗೊಂದಲ ಬಗೆಹರಿಯಿತು

ಗಡಿಯಾರದ ಸೆಕೆಂಡು ಮುಳ್ಳೂ ಲೋಲಕವೂ ಸಮಾನ ಅವಧಿಗೊಮ್ಮೆ ತಮ್ಮ ಚಲನೆಯನ್ನು ಮರುಕಳಿಸುತ್ತವೆ. ಹಾಗಾದರೆ ಆವರ್ತ ಚಲನೆಗೂ (ಹೀಗೆ ಸಮಾನ ಅವಧಿಗೊಮ್ಮೆ ಮರುಕಳಿಸುವ ಚಲನೆ) ಆಂದೋಲನಕ್ಕೂ (ನಡುವಿನ ಸ್ಥಾನದ ಆಚೀಚೆ ಹೋಗಿಬರುವ ಚಲನೆ) ವ್ಯತ್ಯಾಸವೇನು ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ನೀವು ಹೇಳಿದಂತೆ ಒಂದು ಮೀಟರ್ ದಾರಕ್ಕೆ ಕಬ್ಬಿಣದ ನಟ್ ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಹಾಕಿ, ಮಗಳೂ ನಾನೂ ಎಣಿಸಿದೆವು. ಹತ್ತು ತೂಗಾಟಕ್ಕೆ (ಹೋಗಿ ಮರಳಿ ಬಂದರೆ ಒಂದು) ಸುಮಾರು 20 ಸೆಕೆಂಡು. ನಟ್ ನಡುವಿನ ಸ್ಥಾನವನ್ನು ದಾಟಿ ತುದಿಗೆ ಹೋಗಿ, ಅಲ್ಲಿ ಕ್ಷಣಮಾತ್ರ ನಿಂತು, ಬಂದ ದಾರಿಯಲ್ಲೇ ಮರಳುತ್ತದೆ. ಅದನ್ನು ನಡುವಿಗೆ ಎಳೆಯುವ ಬಲವಿದೆ. ಮುಳ್ಳು 60 ಸೆಕೆಂಡಿಗೊಮ್ಮೆ ಅದೇ ಅಂಕಿಗೆ ಬಂದರೂ ಹಿಂದಿರುಗುವುದೇ ಇಲ್ಲ. ಸೂರ್ಯನನ್ನು ಸುತ್ತುವ ಭೂಮಿಯೂ ಹಾಗೆಯೇ. ಇವು ಆವರ್ತ ಚಲನೆಗಳು, ಆಂದೋಲನಗಳಲ್ಲ.

ನನ್ನ ಕಣ್ಣು ತೆರೆಸಿದ್ದು ಮಾತ್ರ ಇನ್ನೊಂದು ಸಂಗತಿ. ನೋಡುತ್ತಿದ್ದಂತೆ ತೂಗಾಟ ಕಿರಿದಾಗುತ್ತಾ ಬಂತು, ಆದರೆ ಹತ್ತಕ್ಕೆ 20 ಸೆಕೆಂಡು ಎಂಬ ಲೆಕ್ಕ ಬದಲಾಗಲಿಲ್ಲ! ‘ಆಂದೋಲನಗಳೆಲ್ಲ ಆವರ್ತ ಚಲನೆಗಳೇ’ ಎಂದು ಸಾಮಾನ್ಯವಾಗಿ ಹೇಳುವ ಮಾತು ಆದರ್ಶ ಲೋಲಕಕ್ಕೆ, ಅಂದರೆ ಯಾವ ತಡೆಯೂ ಇಲ್ಲದ ಲೋಲಕಕ್ಕೆ, ಸರಿ. ಗಾಳಿಯ ತಡೆಯಿಂದ ಕುಗ್ಗುವ ನಮ್ಮ ನಟ್ಟಿನ ಚಲನೆ ಆಂದೋಲನವೇ ಆದರೂ ತದ್ರೂಪವಾಗಿ ಮರುಕಳಿಸುವುದಿಲ್ಲ, ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಆವರ್ತವಲ್ಲ.

ಮಗಳು ಈಗ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದ್ದಾಳೆ. ಹತ್ತು ತೂಗಾಟ ಹತ್ತೇ ಸೆಕೆಂಡಿನಲ್ಲಿ ಮುಗಿಯುತ್ತಿದೆ.