ಅಪ್‌ಡೇಟ್: ಬೆಂಗಳೂರಿನ ಫ್ಲ್ಯಾಟ್ ಮಾರಿ ಮೈಸೂರಿಗೆ ಹೋಗೋ ವಿಚಾರ

ನಿವೃತ್ತಿ ನಂತರ ಫ್ಲ್ಯಾಟ್ ಮಾರಿ, ಮೈಸೂರಿನ ಹಿರಿಯರ ವಸತಿ ಸಮುಚ್ಚಯದಲ್ಲಿ ಮನೆ ಕೊಳ್ಳೋದಾ ಅಂತ ಕೇಳಿದ್ದೆ. ಸದ್ಯ ಮಾರಿಲ್ಲ, ಕೊಂಡೂ ಇಲ್ಲ. "ಮೊದಲು ಬಾಡಿಗೆಗೆ ಇದ್ದು ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ಅತಿಥಿ ಕೋಣೆಯಲ್ಲಿ ಹತ್ತು ದಿನ ಇದ್ದಿದ್ದಕ್ಕೇ ಎಲ್ಲ ಗೊತ್ತಾಯ್ತು.

ಟೇಪ್ ಹಿಡಿದು ಅಳೆದರೆ ಬಚ್ಚಲಮನೆ ಬಾಗಿಲು ಬರೀ 26 ಇಂಚು. ಗಾಲಿಕುರ್ಚಿ ಸಲೀಸಾಗಿ ಹೋಗೋಕೆ 32 ಇಂಚಾದರೂ ಬೇಕು. ಅದಕ್ಕಿಂತ ಗಂಭೀರವಾದದ್ದು, ಬಾಗಿಲು ಒಳಕ್ಕೆ ತೆರೆಯುತ್ತೆ. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ, ಹೊರಗಿನಿಂದ ತಳ್ಳೋಕಾಗಲ್ಲ. ಲಿಫ್ಟ್‌ನಲ್ಲಿ ಸ್ಟ್ರೆಚರ್ ಉದ್ದಕ್ಕೆ ಹಿಡಿಸಲ್ಲ. ಇದ್ಯಾವುದೂ ಬ್ರೋಷರ್‌ನಲ್ಲಿ ಕಾಣಲ್ಲ.

ಉಪಯೋಗಕ್ಕೆ ಬಾರದ ಸಲಹೆ: ಮಾರಿದ ದುಡ್ಡನ್ನೆಲ್ಲ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕೋದು. ಒಬ್ಬರಿಗೆ ಮಿತಿ 30 ಲಕ್ಷ. 8.2% ದರದಲ್ಲಿ ಅದಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತೆ. ಬಡ್ಡಿಯನ್ನು ತೆಗೆಯದೆ ಬಿಟ್ಟರೆ ಅದರ ಮೇಲೆ ಬಡ್ಡಿ ಬರಲ್ಲ ಅನ್ನೋದು ನನಗೆ ಹೊಸ ವಿಷಯ. ಹಾಗಾಗಿ ಉಳಿತಾಯ ಖಾತೆಗೆ ತಾನಾಗೇ ಜಮಾ ಆಗೋ ಹಾಗೆ ಬರೆದುಕೊಡಿ. ವರ್ಷದೊಳಗೆ ಮುಚ್ಚಿದರೆ ಬಡ್ಡಿಯೇ ಇಲ್ಲ, ಕೊಟ್ಟಿದ್ದನ್ನೂ ಅಸಲಿನಲ್ಲಿ ಹಿಡಿದುಕೊಳ್ತಾರೆ. ಮನೆ ಕೊಳ್ಳೋಕೆ ಬೇಕಾಗೋ ದುಡ್ಡನ್ನು ಅಲ್ಲಿಡಬೇಡಿ.

ಈಗ ಆಸ್ಪತ್ರೆಗೆ ಹತ್ತಿರವಿರೋ ನೆಲಮಹಡಿ ಮನೆಯೊಂದನ್ನು 11 ತಿಂಗಳ ಕರಾರಿಗೆ ಹಿಡಿದಾಗಿದೆ. ಬಚ್ಚಲಮನೆ ಬಾಗಿಲನ್ನು ಹೊರಕ್ಕೆ ತೆರೆಯೋ ಹಾಗೆ ತಿರುಗಿಸಿಕೊಳ್ಳೋಕೆ ಮಾಲೀಕರು ಒಪ್ಪಿದ್ದಾರೆ, ಬಡಗಿ ಸೋಮವಾರ ಬರ್ತಾರೆ.