ಸಹಾಯ ಬೇಕು: ಕೈಯಾರೆ ಕಟ್ಟಿದ ಕೇಬಲ್‌ಗೆ ಕಾರಿನ ಎಂಜಿನ್ ಕಂಪ್ಯೂಟರ್ ಪೂರ್ತಿ ಉತ್ತರಿಸುತ್ತಿಲ್ಲ

ಪುಣೆಯ ಕನ್ನಡ ಬಳಗದ ಎಲ್ಲರಿಗೂ ನಮಸ್ಕಾರ.

ತಂದೆಯವರು ಬಿಟ್ಟುಹೋದ ಹಳೆಯ ಪೆಟ್ರೋಲ್ ಕಾರನ್ನು ನಾನೇ ನೋಡಿಕೊಳ್ಳಬೇಕೆಂಬ ಆಸೆಯಿಂದ, ಅದರ ಎಂಜಿನ್ ಕಂಪ್ಯೂಟರಿನ ದೋಷಸಂಕೇತಗಳನ್ನು ಓದಲು ಒಂದು ಕೇಬಲ್ ಕಟ್ಟಿದ್ದೇನೆ. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಬಿಡಿಭಾಗಗಳನ್ನು ಕೊಂಡು, ಯುಎಸ್‌ಬಿ ಸೀರಿಯಲ್ ಬೋರ್ಡಿಗೆ ಕಾರಿನ ಸಂಕೇತವನ್ನು ಬೋರ್ಡಿಗೆ ಹೊಂದಿಸುವ ಎಲ್9637ಡಿ ಚಿಪ್ ಬೆಸೆದು, ಡಯಾಗ್ನಾಸ್ಟಿಕ್ ಸಾಕೆಟ್ಟಿನ 7ನೇ ಪಿನ್ನಿಗೆ ಕೆ-ಲೈನ್ (ಮಾಹಿತಿ ಹೋಗಿಬರುವ ಒಂದೇ ತಂತಿ), 16ಕ್ಕೆ ಬ್ಯಾಟರಿ, 4 ಮತ್ತು 5ಕ್ಕೆ ಗ್ರೌಂಡ್ ಕೊಟ್ಟಿದ್ದೇನೆ. ಕೆ-ಲೈನ್ ಮತ್ತು ಬ್ಯಾಟರಿಯ ನಡುವೆ 510 ಓಮ್ ರೆಸಿಸ್ಟರ್ ಇದೆ. ಸುಮ್ಮನಿರುವಾಗ ಮಲ್ಟಿಮೀಟರಿನಲ್ಲಿ 12.1 ವೋಲ್ಟ್ ತೋರಿಸುತ್ತದೆ.

ಎಂಜಿನ್ ಕಂಪ್ಯೂಟರಿನೊಡನೆ ಮಾತು ಆರಂಭಿಸುವ ಐಎಸ್‌ಒ 9141-2 ಎಂಬ ಮಾನದಂಡದ ಕ್ರಮದಂತೆ 5 ಬಾಡ್ (ಸೆಕೆಂಡಿಗೆ 5 ಬಿಟ್) ವೇಗದಲ್ಲಿ 33 ಎಂಬ ವಿಳಾಸ (ಇಲ್ಲಿನ ಬೈಟುಗಳೆಲ್ಲ ಹೆಕ್ಸಾಡೆಸಿಮಲ್, ಅಂದರೆ 16ರ ಮೂಲದ ಸಂಖ್ಯೆಗಳು) ಕಳುಹಿಸಿದರೆ, ಆರಂಭ-ಅಂತ್ಯದ ಬಿಟ್‌ಗಳೂ ಸೇರಿ ಆ ಒಂದೇ ಬೈಟಿಗೆ ಪೂರ್ತಿ 2 ಸೆಕೆಂಡು ಹಿಡಿಯುತ್ತದೆ. ಆಮೇಲೆ 10,400 ಬಾಡ್‌ನಲ್ಲಿ 55, 08, 08 ಎಂಬ ಉತ್ತರ ಸರಿಯಾಗಿಯೇ ಬರುತ್ತದೆ. ಮೊದಲ ಸಲ ಅದು ಪರದೆಯ ಮೇಲೆ ಮೂಡಿದಾಗ ನನ್ನ ಕೈ ನಡುಗಿತ್ತು. ಆದರೆ ಕೊನೆಯ ಬೈಟನ್ನು ತಿರುವಿ (0 ಬಿಟ್‌ಗಳನ್ನು 1, 1 ಬಿಟ್‌ಗಳನ್ನು 0 ಮಾಡಿ) ಎಫ್7 ಎಂದು ಹಿಂದಿರುಗಿಸಿದ ಮೇಲೆ ಬರಬೇಕಾದ ಸಿಸಿ (33ರ ತಿರುವಿದ ರೂಪ) ಬರುವುದೇ ಇಲ್ಲ, ನಾನು ಕಳುಹಿಸಿದ್ದೇ ಪ್ರತಿಧ್ವನಿಯಾಗಿ ಕಾಣುತ್ತದೆ.

ನಾನು ಹಿಂದಿರುಗಿಸುವ ಎಫ್7 ಬೈಟು 25ರಿಂದ 50 ಮಿಲಿಸೆಕೆಂಡಿನೊಳಗೆ ತಲುಪಬೇಕು. ಯುಎಸ್‌ಬಿ ಚಿಪ್ಪಿನಲ್ಲಿ ಮೊದಲೇ ಹೊಂದಿಸಿರುವ ವಿಳಂಬ 16 ಮಿಲಿಸೆಕೆಂಡು ಇರುವುದರಿಂದ, ನನ್ನ ಪ್ರೋಗ್ರಾಮಿನ ನಿಧಾನವೂ ಸೇರಿ ಗಡುವು ಮೀರುತ್ತಿದೆಯೆಂಬುದು ನನ್ನ ಬಲವಾದ ಅನುಮಾನ. ವಿಳಂಬವನ್ನು 1ಕ್ಕೆ ಇಳಿಸಿ ಯಾರಾದರೂ ಯಶಸ್ವಿಯಾಗಿದ್ದೀರಾ? ಆಸಿಲೋಸ್ಕೋಪ್ ಇರುವವರು ಒಂದರ್ಧ ಗಂಟೆ ಬಿಡುವು ಮಾಡಿಕೊಂಡರೆ, ಯಾವುದೇ ಭಾನುವಾರ ಕೋಥ್ರೂಡಿನಿಂದ ಕಾರನ್ನು ನಿಮ್ಮ ಮನೆಗೇ ತರುತ್ತೇನೆ.